ತೆರೆದ ಬಾಗಿಲು, ಮುಚ್ಚಿದ ಬಾಗಿಲು

1946ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ನಡೆದ ಚಲನಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಹಲವು ದೇಶಗಳ ಚಿತ್ರಗಳು ಹಂಚಿಕೊಂಡವು. ಚೇತನ್ ಆನಂದ್ ಅವರ 'ನೀಚಾ ನಗರ್' ಅವುಗಳಲ್ಲಿ ಒಂದೆಂಬುದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅದರೊಡನೆ ಗೌರವ ಪಡೆದ ಮೆಕ್ಸಿಕೊದ 'ಮರಿಯಾ ಕ್ಯಾಂಡೆಲಾರಿಯಾ' ಚಿತ್ರವನ್ನಾಗಲಿ, ಅದರ ನಿರ್ದೇಶಕ ಎಮಿಲಿಯೊ ಫರ್ನಾಂಡಿಸ್ ಅವರನ್ನಾಗಲಿ ಬಲ್ಲವರು ನಮ್ಮಲ್ಲಿ ವಿರಳ. ಮೂರು ದಶಕಗಳ ಕಾಲ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ, ಅವರ ವೃತ್ತಿಜೀವನವು ಕಲೆಯ ಕಥೆಯಾಗಿರುವಷ್ಟೇ ಆಡಳಿತದ ಪಾಠವಾಗಿಯೂ ಕಾಣುತ್ತದೆ.

ಫರ್ನಾಂಡಿಸ್ 1904ರಲ್ಲಿ ಉತ್ತರ ಮೆಕ್ಸಿಕೊದ ಕೊಆವಿಲಾ ಪ್ರಾಂತ್ಯದಲ್ಲಿ ಜನಿಸಿದರು. ತಾಯಿ ಕಿಕಪೂ ಬುಡಕಟ್ಟಿನವರು. 'ಎಲ್ ಇಂಡಿಯೊ' ಎಂಬ ಅಡ್ಡಹೆಸರು ಮೂಲನಿವಾಸಿ ಮೂಲದಿಂದಲೇ ಬಂದದ್ದು. 1920ರ ದಶಕದಲ್ಲಿ ಸರ್ಕಾರದ ವಿರುದ್ಧ ನಡೆದ ಬಂಡಾಯವೊಂದರಲ್ಲಿ ಸೋತ ಪಕ್ಷದಲ್ಲಿದ್ದು ಸೆರೆಮನೆ ಸೇರಿದರು. ಅಲ್ಲಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದರು. ಹಾಲಿವುಡ್‌ನಲ್ಲಿ ಸಣ್ಣಪುಟ್ಟ ಪಾತ್ರಗಳಲ್ಲಿ ಕಾಣಿಸಿಕೊಂಡರು. 1930ರ ದಶಕದಲ್ಲಿ ಕ್ಷಮಾದಾನ ದೊರೆತ ಬಳಿಕ ಸ್ವದೇಶಕ್ಕೆ ಮರಳಿ ನಟರಾದರು. 1935ರ 'ಹನಿಟ್ಸಿಯೊ' ಚಿತ್ರದಲ್ಲಿ ಮೂಲನಿವಾಸಿ ಬೆಸ್ತನ ಪಾತ್ರ ವಹಿಸಿದರು. ನಿರ್ದೇಶನಕ್ಕೆ ಇಳಿಯುವ ಹೊತ್ತಿಗೆ ಅವರ ವಯಸ್ಸು ನಲವತ್ತರ ಹತ್ತಿರವಿತ್ತು.

ಆ ಹೊತ್ತಿನ ಆರ್ಥಿಕ ಪರಿಸ್ಥಿತಿಯನ್ನು ಗಮನಿಸಬೇಕು. ಎರಡನೆಯ ಮಹಾಯುದ್ಧದಲ್ಲಿ ಮೆಕ್ಸಿಕೊ ಮಿತ್ರಕೂಟದ ಪರ ನಿಂತಿತು, ಅರ್ಜೆಂಟೀನಾ ತಟಸ್ಥವಾಗಿತ್ತು. ಹೀಗಾಗಿ ಅಮೆರಿಕವು ಕಚ್ಚಾ ಫಿಲ್ಮನ್ನು ಮೆಕ್ಸಿಕೊಗೆ ಧಾರಾಳವಾಗಿ ಒದಗಿಸಿತು, ಅರ್ಜೆಂಟೀನಾಕ್ಕೆ ಕಡಿತಗೊಳಿಸಿತು. ಸ್ಪ್ಯಾನಿಷ್ ಭಾಷಿಕ ಮಾರುಕಟ್ಟೆ ಮೆಕ್ಸಿಕೊದ ಪಾಲಿಗೆ ತೆರೆದುಕೊಂಡಿತು. 1942ರಲ್ಲಿ ಸರ್ಕಾರದ ಬೆಂಬಲದೊಂದಿಗೆ ಚಿತ್ರೋದ್ಯಮಕ್ಕೆಂದೇ ಒಂದು ಬ್ಯಾಂಕು ಸ್ಥಾಪನೆಯಾಯಿತು. ಬಂಡವಾಳ, ಕಚ್ಚಾ ಸಾಮಗ್ರಿ, ಮಾರುಕಟ್ಟೆ ಮೂರೂ ಏಕಕಾಲಕ್ಕೆ ಕೂಡಿಬಂದಾಗ ಉದ್ಯಮವು ಹೊಸಬರನ್ನು ಅರಸಿತು. ಫರ್ನಾಂಡಿಸ್ ಅವರಿಗೆ ಛಾಯಾಗ್ರಾಹಕ ಗೇಬ್ರಿಯಲ್ ಫಿಗೆರೊವಾ, ಚಿತ್ರಕಥೆಗಾರ ಮೌರಿಸಿಯೊ ಮಗ್ದಲೆನೊ, ನಟಿ ಡೊಲೊರೆಸ್ ಡೆಲ್ ರಿಯೊ ಮತ್ತು ನಟ ಪೆಡ್ರೊ ಅರ್ಮೆಂಡಾರಿಸ್ ಅವರನ್ನೊಳಗೊಂಡ ತಂಡ ದೊರೆಯಿತು.

ಸೊಚಿಮಿಲ್ಕೊದ ಕಾಲುವೆಗಳ ನಡುವೆ ಹೂ ಮಾರಿ ಬದುಕುವ ಹೆಣ್ಣೊಬ್ಬಳನ್ನು ಊರೇ ಕಲ್ಲೆಸೆದು ಕೊಲ್ಲುವ ಕಥೆ 'ಮರಿಯಾ ಕ್ಯಾಂಡೆಲಾರಿಯಾ'. ಹಾಲಿವುಡ್ ತಾರೆಯಾಗಿದ್ದ ಡೆಲ್ ರಿಯೊ ಬಡ ಮೂಲನಿವಾಸಿ ಹೆಣ್ಣಾಗಿ ನಟಿಸಿದ್ದು ಕೃತಕವೆಂಬ ಆಕ್ಷೇಪವಿದೆ; ಅದು ನಿರಾಧಾರವೇನಲ್ಲ. ಆದರೆ ಅದುವರೆಗೆ ತೆರೆಯ ಅಂಚಿನಲ್ಲಿದ್ದ ಜನರನ್ನು ಕಥೆಯ ನಡುವೆ ತಂದು ನಿಲ್ಲಿಸಿದ ಶ್ರೇಯಸ್ಸನ್ನು ಅಲ್ಲಗಳೆಯಲಾಗದು.

ಯುದ್ಧ ಮುಗಿಯಿತು, ಹಾಲಿವುಡ್ ತನ್ನ ಮಾರುಕಟ್ಟೆಗೆ ಮರಳಿತು. ಮೆಕ್ಸಿಕೊದ ಉದ್ಯಮ ಆಗ ಮಾಡಿದ ತಪ್ಪು, ಒಳಗಿದ್ದವರ ರಕ್ಷಣೆಗಾಗಿ ಬಾಗಿಲು ಹಾಕಿಕೊಂಡದ್ದು. ನಿರ್ದೇಶಕರ ಸಂಘಕ್ಕೆ ಹೊಸಬರ ಪ್ರವೇಶ ಬಹುತೇಕ ನಿಂತುಹೋಯಿತು. ಸಂಘಟನೆಯೇ 1965ರಲ್ಲಿ ಪ್ರಾಯೋಗಿಕ ಚಿತ್ರಗಳ ಸ್ಪರ್ಧೆ ನಡೆಸಿ ಹೊಸಬರನ್ನು ಹುಡುಕಬೇಕಾಯಿತು. ಅಷ್ಟರಲ್ಲಿ ಎರಡು ದಶಕಗಳು ಸಂದಿದ್ದವು. ಈ ರಕ್ಷಣೆಯಿಂದ ಒಳಗಿದ್ದವರಾದರೂ ಉದ್ಧಾರವಾದರೇ? 1950ರ ದಶಕದಲ್ಲಿ ಫರ್ನಾಂಡಿಸ್ ತಮ್ಮನ್ನೇ ತಾವು ಪುನರಾವರ್ತಿಸತೊಡಗಿದರು, ಅವಕಾಶಗಳು ಕ್ಷೀಣಿಸಿದವು. ಅದೇ ತಂಡದ ಫಿಗೆರೊವಾ ಲೂಯಿಸ್ ಬುನುಯೆಲ್ ಅವರಂಥ ಭಿನ್ನ ಪ್ರಕೃತಿಯ ನಿರ್ದೇಶಕರೊಡನೆ ದುಡಿದು ಬೆಳೆದರು. 1964ರ 'ದಿ ನೈಟ್ ಆಫ್ ದಿ ಇಗುವಾನಾ' ಚಿತ್ರದಲ್ಲಿ ಕ್ಯಾಮೆರಾದ ಹಿಂದೆ ಫಿಗೆರೊವಾ ಇದ್ದರು. ಅದರ ಮುಂದೆ ಒಂದು ಸಣ್ಣ ಪಾತ್ರದಲ್ಲಿ ಫರ್ನಾಂಡಿಸ್ ಇದ್ದರು.

ನಮ್ಮಲ್ಲಿ ಕೆಲವರು ಅವರನ್ನು ಹೆಸರು ತಿಳಿಯದೆಯೇ ಕಂಡಿರಬಹುದು. 1969ರ 'ದಿ ವೈಲ್ಡ್ ಬಂಚ್' ಚಿತ್ರದ ಕ್ರೂರ ಸೇನಾನಿ ಮಪಾಚೆ ಅವರೇ. 1976ರಲ್ಲಿ ಕೃಷಿ ಕಾರ್ಮಿಕರೊಬ್ಬರನ್ನು ಗುಂಡಿಕ್ಕಿ ಕೊಂದ ಪ್ರಕರಣದಲ್ಲಿ ಅವರು ಸೆರೆವಾಸ ಅನುಭವಿಸಿದರು. ಆ ಅಪರಾಧಕ್ಕೆ ವ್ಯವಸ್ಥೆಯನ್ನು ದೂರುವಂತಿಲ್ಲ; ಪ್ರತಿಭೆ ಅದಕ್ಕೆ ಸಮಜಾಯಿಷಿಯೂ ಆಗದು. 1986ರಲ್ಲಿ ಅವರು ತೀರಿಕೊಂಡರು.

ಇಲ್ಲಿ ನನ್ನದೂ ಒಂದು ಒಪ್ಪಿಗೆಯ ಮಾತಿದೆ. ಸೇವೆಯಲ್ಲಿದ್ದಾಗ ಕಲಾವಿದರಿಗೆ ಧನಸಹಾಯ ನೀಡುವ ಸಮಿತಿಯೊಂದರಲ್ಲಿ ನಾನೂ ಇದ್ದೆ. ತರುಣನೊಬ್ಬನ ಅರ್ಜಿಯನ್ನು 'ಪೂರ್ವಾನುಭವ ಸಾಲದು' ಎಂದು ಷರಾ ಬರೆದು ಹಿಂದಿರುಗಿಸಿದೆ. ನಿಯಮದಂತೆ ನನ್ನದು ಸರಿಯಾದ ಷರಾ. ಯಾರೂ ಅದನ್ನು ಪ್ರಶ್ನಿಸಲಿಲ್ಲ. ಹಿಂದೊಮ್ಮೆ ಸೆರೆಮನೆ ಕಂಡಿದ್ದ, ಒಂದು ಚಿತ್ರವನ್ನೂ ನಿರ್ದೇಶಿಸಿರದ ಫರ್ನಾಂಡಿಸ್ ಅವರ ಅರ್ಜಿ 1940ರಲ್ಲಿ ನನ್ನ ಮೇಜಿಗೆ ಬಂದಿದ್ದರೆ ಅದರ ಗತಿಯೂ ಅದೇ ಆಗುತ್ತಿತ್ತು.

ಕಲೆಗೆ ಸರ್ಕಾರ ಹಣ ಕೊಡಬಾರದೆಂದು ವಾದಿಸುವವರಿಗೆ 1942ರ ಆ ಬ್ಯಾಂಕು ಉತ್ತರವಾಗಬಲ್ಲದು. ಕೊಟ್ಟರೆ ಸಾಕೆಂದು ವಾದಿಸುವವರಿಗೆ ಅನಂತರದ ಎರಡು ದಶಕಗಳು ಉತ್ತರ. ಯಾವುದೇ ನೆರವಿನ ಯೋಜನೆಯಲ್ಲಿ ಮೊದಲ ಬಾರಿ ಅರ್ಜಿ ಹಾಕುವವರಿಗೆ ನಿಶ್ಚಿತ ಪಾಲಿರಬೇಕು. ಆಯ್ಕೆ ಮಾಡುವವರು ಕಾಲಕಾಲಕ್ಕೆ ಬದಲಾಗಬೇಕು. ಹೊಸಬರಲ್ಲಿ ಹಲವರು ಸೋಲುತ್ತಾರೆ, ಲೆಕ್ಕಪರಿಶೋಧಕರು ಆಕ್ಷೇಪಿಸುತ್ತಾರೆ. ಆ ಆಕ್ಷೇಪಣೆಗೆ ಉತ್ತರ ಬರೆಯುವುದು ಅಧಿಕಾರಿಯ ಕೆಲಸ. ಅರ್ಜಿಯನ್ನು ಹಿಂದಿರುಗಿಸಿ ನಾನು ತಪ್ಪಿಸಿಕೊಂಡದ್ದು ಆ ಕೆಲಸದಿಂದಲೇ.