ಕೀಲಿಮಣೆ ಮತ್ತು ಸ್ಪರ್ಶಪರದೆ: ವರ್ತಕರು ಕಲಿಯಬೇಕಾದ ಪಾಠ

ರಾಯಚೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಜವಳಗೇರಾ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿದ ಪ್ರದೇಶದ ಊರು. ಭತ್ತದ ಕಟಾವಿನ ವಾರಗಳಲ್ಲಿ ಈ ಭಾಗದ ವ್ಯವಹಾರದ ಬಹುಪಾಲು ಫೋನಿನ ಮೇಲೆಯೇ ನಡೆಯುತ್ತದೆ. ಲಾರಿ ಎಲ್ಲಿದೆ, ಮಾಲಿನ ತೇವಾಂಶ ಎಷ್ಟಿದೆ, ಸಿಂಧನೂರಿನಲ್ಲಿ ಸೋನಾ ಮಸೂರಿ ಯಾವ ದರಕ್ಕೆ ಕುದುರಿತು ಎಂಬ ಮೂರು ಪ್ರಶ್ನೆಗಳಿಗೆ ಸಕಾಲದಲ್ಲಿ ಉತ್ತರ ದೊರೆತರೆ ಲಾಭ, ತಡವಾದರೆ ನಷ್ಟ. ಇಂತಹ ಕಡೆ ಫೋನು ತಕ್ಕಡಿಯಷ್ಟೇ ಮುಖ್ಯವಾದ ಸಲಕರಣೆ. ಆದುದರಿಂದ, ಸ್ಮಾರ್ಟ್‌ಫೋನುಗಳ ಆರಂಭದ ದಿನಗಳಲ್ಲಿ ನಡೆದ ಒಂದು ವಾದವನ್ನು ಈಗ ಮತ್ತೊಮ್ಮೆ ಪರಿಶೀಲಿಸುವುದು ನಿರರ್ಥಕವಲ್ಲ. ಅಂದು ಬಹುಮಂದಿ ನೀಡಿದ ತೀರ್ಪು ಎಲ್ಲಿ ತಪ್ಪಿತು ಎಂಬುದು ಇಂದು ಯಂತ್ರ ಕೊಳ್ಳುವವರಿಗೂ ತಯಾರಿಸುವವರಿಗೂ ಉಪಯುಕ್ತವಾದ ವಿಷಯ.

ಆ ವಾದ ಬಿರುಸಾಗಿದ್ದುದು 2007ರಿಂದ 2010ರವರೆಗೆ. ಕೆನಡಾದ ಬ್ಲ್ಯಾಕ್‌ಬೆರಿ 2004ರಲ್ಲಿಯೇ ಭಾರತದ ಮಾರುಕಟ್ಟೆಗೆ ಬಂದಿತ್ತು. 2008ರಲ್ಲಿ ನೋಕಿಯಾ ಸಂಸ್ಥೆ ಪೂರ್ಣ ಕೀಲಿಮಣೆಯುಳ್ಳ ಇ71 ಮಾದರಿಯನ್ನು ಹೊರತಂದಿತು. ಅದೇ ವರ್ಷ ಆಗಸ್ಟ್ 22ರಂದು ಆ್ಯಪಲ್ ಸಂಸ್ಥೆಯ ಐಫೋನ್ 3ಜಿ ಭಾರತದಲ್ಲಿ ಮಾರಾಟಕ್ಕೆ ಬಂದಾಗ 8 ಜಿಬಿ ಮಾದರಿಯ ಬೆಲೆ 31,000 ರೂಪಾಯಿ. 2008–09ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲಿಗೆ 900 ರೂಪಾಯಿ ಇತ್ತು. ಅಂದರೆ ಒಂದು ಫೋನಿನ ಬೆಲೆ ಸುಮಾರು 34 ಕ್ವಿಂಟಲ್ ಭತ್ತಕ್ಕೆ ಸಮನಾಗಿತ್ತು. ಅಷ್ಟು ಹಣ ತೆತ್ತವನಿಗೂ 2009ರ ಮಧ್ಯಭಾಗದವರೆಗೆ ಆ ಫೋನಿನಲ್ಲಿ ಬರೆದುದನ್ನು ಒಂದೆಡೆಯಿಂದ ನಕಲು ಮಾಡಿ ಇನ್ನೊಂದೆಡೆ ಅಂಟಿಸುವ ಸೌಲಭ್ಯವಿರಲಿಲ್ಲ.

ಈ ಹಿನ್ನೆಲೆಯಲ್ಲಿ, ‘ಕೀಲಿಮಣೆಯ ಫೋನು ವ್ಯವಹಾರಕ್ಕೆ, ಗಾಜಿನ ಫೋನು ಮನರಂಜನೆಗೆ’ ಎಂಬ ಮಾತು ರೂಢಿಗೆ ಬಂದುದು ಸಹಜವೇ. ಅದಕ್ಕೆ ಬಲವಾದ ಕಾರಣಗಳೂ ಇದ್ದವು. ಒತ್ತಿದ ಕೀಲಿ ಒತ್ತಲ್ಪಟ್ಟಿತೆಂಬುದನ್ನು ಬೆರಳೇ ತಿಳಿಸುತ್ತದೆ. ಕಣ್ಣಿನ ನೆರವು ಬೇಕಿಲ್ಲ. ಒಂದು ಕೈಯಲ್ಲಿ ಮಾದರಿ ಭತ್ತವನ್ನು ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ಸಂಖ್ಯೆ ಒತ್ತುವುದು ಕೀಲಿಯಲ್ಲಿ ಸುಲಭ, ನುಣುಪು ಗಾಜಿನಲ್ಲಿ ಕಷ್ಟ. ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತಿತ್ತು. ತಯಾರಕರಲ್ಲಿಯೇ ಅನುಮಾನವಿತ್ತು: 2008ರಲ್ಲಿ ಬಂದ ಮೊದಲ ಆ್ಯಂಡ್ರಾಯ್ಡ್ ಫೋನಾದ ಎಚ್‌ಟಿಸಿ ಡ್ರೀಮ್ ಸ್ಪರ್ಶಪರದೆಯ ಅಡಿಯಲ್ಲಿ ಜಾರಿ ಹೊರಬರುವ ಕೀಲಿಮಣೆಯನ್ನೂ ಇಟ್ಟುಕೊಂಡಿತ್ತು. ಬ್ಲ್ಯಾಕ್‌ಬೆರಿ ಸ್ಟಾರ್ಮ್ ಮಾದರಿಯಲ್ಲಿ ಇಡೀ ಗಾಜೇ ಗುಂಡಿಯಂತೆ ಕೆಳಗೆ ಒತ್ತಿಕೊಳ್ಳುತ್ತಿತ್ತು.

ಸ್ಪರ್ಶಪರದೆಯಲ್ಲಿಯೂ ಎರಡು ಬಗೆ ಇದ್ದವೆಂಬುದನ್ನು ಇಲ್ಲಿ ಗಮನಿಸಬೇಕು. ನೋಕಿಯಾ 5800ರಂತಹ ಫೋನುಗಳ ಪರದೆ ಒತ್ತಡಕ್ಕೆ ಸ್ಪಂದಿಸುತ್ತಿತ್ತು. ಉಗುರು, ಕಡ್ಡಿ, ಕೈಗವಸು ಯಾವುದರಿಂದ ಒತ್ತಿದರೂ ನಡೆಯುತ್ತಿತ್ತು, ಆದರೆ ತುಸು ಬಲ ಹಾಕಬೇಕಿತ್ತು. ಐಫೋನಿನ ಪರದೆ ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸುವಂಥದು. ಹಗುರವಾದ ಸ್ಪರ್ಶ ಸಾಕು. ಆದರೆ ಒದ್ದೆ ಕೈ, ದಪ್ಪ ಕೈಗವಸುಗಳಿಗೆ ಅದು ಸರಿಯಾಗಿ ಸ್ಪಂದಿಸದು. ಕೊನೆಗೆ ಎಲ್ಲ ಫೋನುಗಳಲ್ಲಿಯೂ ನೆಲೆನಿಂತುದು ಈ ಎರಡನೆಯ ಬಗೆಯೇ.

ಇಷ್ಟೆಲ್ಲ ತೂಗಿ ನೋಡಿದ ವಿಮರ್ಶಕರು ಒಂದು ಪ್ರಶ್ನೆಯನ್ನು ಕೇಳಲು ಮರೆತರು: ಫೋನು ಹಿಡಿಯುವವನು ಬರೆಯುವುದು ಯಾವ ಭಾಷೆಯಲ್ಲಿ? ಕೀಲಿಮಣೆಯ ವೇಗದ ಹೊಗಳಿಕೆಯೆಲ್ಲ ಇಂಗ್ಲಿಷಿನಲ್ಲಿ ಇ-ಮೇಲ್ ಬರೆಯುವವನನ್ನು ಕುರಿತದ್ದಾಗಿತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ದಲ್ಲಾಳಿ ಅಂಗಡಿಯ ಗುಮಾಸ್ತ, ಅಕ್ಕಿ ಗಿರಣಿಯ ಮೇಸ್ತ್ರಿ, ಲಾರಿಯ ಚಾಲಕ ಇವರಿಗೆ ಆ ವೇಗದಿಂದ ಆಗಬೇಕಾದುದೇನೂ ಇರಲಿಲ್ಲ. ಕೀಲಿಗಳ ಮೇಲೆ ಇಂಗ್ಲಿಷಿನ 26 ಅಕ್ಷರಗಳನ್ನು ಕಾರ್ಖಾನೆಯಲ್ಲಿಯೇ ಅಚ್ಚು ಹಾಕಲಾಗಿತ್ತು. ಸ್ವರ, ವ್ಯಂಜನ, ಗುಣಿತಾಕ್ಷರ, ಒತ್ತಕ್ಷರಗಳ ಕನ್ನಡಕ್ಕೆ ಅಲ್ಲಿ ಸ್ಥಳವಿರಲಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ 26 ಕೀಲಿಗಳಲ್ಲಿಯೇ ಕನ್ನಡ ಬರೆಯುವ ಮಾರ್ಗ ಗಣಕಯಂತ್ರದಲ್ಲಿ ಆಗಲೇ ಸಿದ್ಧವಾಗಿತ್ತು. ಆದರೆ ಅಂದಿನ ಬಹುತೇಕ ಸ್ಮಾರ್ಟ್‌ಫೋನುಗಳು ಕನ್ನಡವನ್ನು ಬರೆಯುವುದಿರಲಿ, ತೋರಿಸಲೂ ಆರವು. ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣುತ್ತಿದ್ದವು.

ನ್ಯಾಯವಾಗಿ ಹೇಳುವುದಾದರೆ, ಮೊದಮೊದಲು ಗಾಜಿನ ಫೋನಿನಲ್ಲಿಯೂ ಇದೇ ಖಾಲಿ ಚೌಕಗಳಿದ್ದವು. ವ್ಯತ್ಯಾಸ ಕಂಡುಬಂದುದು ಅನಂತರ. 2012ರಲ್ಲಿ ಆ್ಯಂಡ್ರಾಯ್ಡ್ 4.1 ಆವೃತ್ತಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ನೀಡಿತು. ಆಗ ಗಾಜಿನ ಮೇಲೆ ಕನ್ನಡದ ಕೀಲಿಮಣೆ ಮೂಡಿತು. ಬೇಡವಾದಾಗ ಅದು ಸರಿದು ಸಂಖ್ಯೆಗಳೋ ತೆಲುಗೋ ಬಂದವು. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿರುವ ಈ ಪ್ರದೇಶದಲ್ಲಿ ಒಂದೇ ಫೋನು ಎರಡು ಮೂರು ಲಿಪಿಗಳಿಗೆ ಒದಗುವುದು ಸಣ್ಣ ಅನುಕೂಲವಲ್ಲ. ಕಾರ್ಖಾನೆಯಲ್ಲಿ ಅಚ್ಚಾದ ಕೀಲಿಯನ್ನು ಊರಿಗೆ ಬಂದ ಮೇಲೆ ಬದಲಿಸಲಾಗದು, ಗಾಜಿನ ಮೇಲಿನ ಚಿತ್ರವನ್ನು ಬದಲಿಸಬಹುದು. ಇದರ ಜೊತೆಗೆ ಇ71ರಂತಹ ಫೋನಿನ ಅರ್ಧ ಮುಖವನ್ನು ಕೀಲಿಗಳೇ ಆಕ್ರಮಿಸಿದ್ದವು. ಗಾಜಿನ ಫೋನಿನಲ್ಲಿ ಆ ಸ್ಥಳವೂ ಪರದೆಯೇ ಆದುದರಿಂದ ಅಕ್ಕಿಯ ಮಾದರಿಯಲ್ಲಿರುವ ನುಚ್ಚು, ತೂಕದ ಚೀಟಿಯ ಅಂಕಿಗಳು ಸ್ಪಷ್ಟವಾಗಿ ಕಾಣುವಂತಾದವು. 2013ರಲ್ಲಿ ವಾಟ್ಸ್‌ಆ್ಯಪ್ ಧ್ವನಿ ಸಂದೇಶವನ್ನು ಆರಂಭಿಸಿದ ಮೇಲೆ ಬರೆಯಲು ಬಾರದವರೂ ದರವನ್ನು ಹೇಳಿ ಕಳುಹಿಸಬಹುದಾಯಿತು.

ಮುಂದಿನದು ಎಲ್ಲರಿಗೂ ತಿಳಿದಿದೆ. ನೋಕಿಯಾದ ಫೋನು ವಿಭಾಗ 2014ರಲ್ಲಿ ಮೈಕ್ರೋಸಾಫ್ಟ್ ಪಾಲಾಯಿತು. ಬ್ಲ್ಯಾಕ್‌ಬೆರಿಯ ಹಳೆಯ ಫೋನುಗಳಿಗೆ ನೀಡುತ್ತಿದ್ದ ಸೇವೆ 2022ರ ಜನವರಿ 4ರಂದು ನಿಂತುಹೋಯಿತು.

ಇಷ್ಟರಿಂದ ಗಾಜೇ ಎಲ್ಲ ಬಗೆಯಲ್ಲಿಯೂ ಶ್ರೇಷ್ಠವೆಂಬ ತೀರ್ಮಾನಕ್ಕೆ ಬರುವುದು ಇನ್ನೊಂದು ತಪ್ಪಾದೀತು. ದೂಳಿಗೆ ಜಗ್ಗದ ಕೀಲಿಗಳೂ ಪುಟ್ಟ ಟಾರ್ಚೂ ಇದ್ದ ನೋಕಿಯಾ 1100 ಮಾದರಿ 2003ರಲ್ಲಿ ಬಂದು ಜಗತ್ತಿನಾದ್ಯಂತ 25 ಕೋಟಿಗೂ ಮಿಕ್ಕಿ ಮಾರಾಟವಾದುದು ಕೆಲಸಗಾರನ ಕೈಯನ್ನು ಅರಿತು ಮಾಡಿದ್ದರಿಂದಲೇ. 2018ರ ಏಪ್ರಿಲ್ 1ರಂದು ಇ-ವೇ ಬಿಲ್ ಜಾರಿಗೆ ಬಂದಾಗ ಎಸ್‌ಎಂಎಸ್ ಮೂಲಕವೂ ಅದನ್ನು ಪಡೆಯಲು ಅವಕಾಶ ಕಲ್ಪಿಸಲಾಗಿತ್ತು. ಕೀಪ್ಯಾಡ್ ಫೋನಿನಿಂದಲೇ ಹಣ ಪಾವತಿಸುವ ಯುಪಿಐ 123ಪೇ ವ್ಯವಸ್ಥೆ 2022ರ ಮಾರ್ಚ್‌ನಲ್ಲಿ ಆರಂಭವಾಯಿತು. ಕೀಲಿಯ ಫೋನನ್ನೇ ಹಿಡಿದಿರುವ ಹಮಾಲರು, ರೈತರು, ಹಿರಿಯ ವರ್ತಕರು ವ್ಯವಹಾರದಿಂದ ಹೊರಗುಳಿಯಬಾರದೆಂಬ ವಿವೇಕ ಇದರ ಹಿಂದಿದೆ. ಅಂಗಡಿಗಳು ಕೇವಲ ಆ್ಯಪ್ ಮೂಲಕವೇ ಲೆಕ್ಕ ಒಪ್ಪಿಸುತ್ತೇವೆಂದರೆ ಆ ವಿವೇಕ ವ್ಯರ್ಥವಾಗುತ್ತದೆ.

ಸಣ್ಣ ಕೈಗಾರಿಕೆಗಳಿಗೆ ಈ ವಿಚಾರ ಇನ್ನೂ ಹತ್ತಿರದ್ದು. ಫೋನಿನಲ್ಲಿ ಮುಗಿದ ವಾದ ಈಗ ಗಿರಣಿಯ ಒಳಗೆ ನಡೆಯುತ್ತಿದೆ. ಅಕ್ಕಿಯನ್ನು ಬಣ್ಣದ ಮೇಲೆ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ, ಡ್ರೈಯರ್‌ಗಳ ನಿಯಂತ್ರಣ ಫಲಕ ಇವೆಲ್ಲ ಸ್ಪರ್ಶಪರದೆಯತ್ತ ಸಾಗಿವೆ. ತೌಡಿನ ದೂಳು ಮೆತ್ತಿದ ಕೈ, ಬೆವರಿದ ಕೈ, ಕೈಗವಸು ತೊಟ್ಟ ಕೈ ಆ ಪರದೆಯನ್ನು ಮುಟ್ಟಬೇಕು. ದರ, ವೇಗ, ತೇವಾಂಶಗಳನ್ನು ಹೊಂದಿಸಲು ಪರದೆ ಉತ್ತಮ. ಏಕೆಂದರೆ ಅದನ್ನು ಕನ್ನಡಕ್ಕೆ ಬದಲಿಸಬಹುದು. ಆದರೆ ಯಂತ್ರವನ್ನು ತಕ್ಷಣ ನಿಲ್ಲಿಸುವ ಕೆಲಸಕ್ಕೆ ಕಣ್ಣು ಮುಚ್ಚಿ ಹೊಡೆದರೂ ಸಿಗುವ ಕೆಂಪು ಗುಂಡಿಯೇ ಬೇಕು. ಬೆಲ್ಟಿಗೆ ಅಂಗಿಯ ತೋಳು ಸಿಕ್ಕಿಕೊಂಡ ಕಾರ್ಮಿಕನಿಗೆ ಪರದೆಯಲ್ಲಿ ಪುಟ ತೆರೆಯುವಷ್ಟು ವ್ಯವಧಾನವಿರುವುದಿಲ್ಲ. ಅಗ್ಗವಾಯಿತೆಂದು ಆ ಗುಂಡಿಯಿಲ್ಲದ ಯಂತ್ರವನ್ನು ಯಾವ ಗಿರಣಿ ಮಾಲೀಕನೂ ಕೊಳ್ಳಬಾರದು, ಯಾವ ತಯಾರಕನೂ ಮಾರಬಾರದು.

ಲೆಕ್ಕಪತ್ರ, ಜಿಎಸ್‌ಟಿ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿರುವಾಗ ಫಲಕಕ್ಕೂ ಬಿಲ್ಲಿಗೂ ಕನ್ನಡವೇಕೆ ಎಂದು ಕೇಳುವವರಿದ್ದಾರೆ. ಲೆಕ್ಕಪರಿಶೋಧಕರ ಮೇಜಿನ ಮೇಲೆ ಅದು ಸರಿಯಿರಬಹುದು. ಆದರೆ ತಪ್ಪುಗಳು ಹುಟ್ಟುವುದು ಆ ಮೇಜಿನ ಮೇಲಲ್ಲ; ತೂಕದ ಸೇತುವೆಯಲ್ಲಿ, ಲೋಡು ತುಂಬುವ ಕಟ್ಟೆಯಲ್ಲಿ, ರಾತ್ರಿ ಪಾಳಿಯ ಯಂತ್ರದ ಮುಂದೆ. ಅಲ್ಲಿರುವವನಿಗೆ ಓದಲು ಬಾರದ ಚೀಟಿ ಜಗಳಕ್ಕೆ ದಾರಿಮಾಡುತ್ತದೆ. ತನ್ನ ತೂಕವನ್ನು ತಾನೇ ಓದಿಕೊಂಡ ರೈತ ಮುಂದಿನ ಸುಗ್ಗಿಗೂ ಅದೇ ಅಂಗಡಿಗೆ ಬರುತ್ತಾನೆ.

ಆದುದರಿಂದ ಬಿಲ್ಲಿಂಗ್ ಸಾಫ್ಟ್‌ವೇರ್, ತೂಕದ ಯಂತ್ರ ಅಥವಾ ಸಾರ್ಟೆಕ್ಸ್ ಕೊಳ್ಳಲು ಹೊರಟ ವರ್ತಕರು ಮಾರಾಟಗಾರನ ಮಾತನ್ನಷ್ಟೇ ಕೇಳಿ ಮುಂಗಡ ಕೊಡುವುದು ಸರಿಯಲ್ಲ. ಅದನ್ನು ನಿತ್ಯ ಬಳಸುವ ನೌಕರನನ್ನೇ ಕರೆದೊಯ್ದು, ಅವನ ಕೈಯಿಂದಲೇ ಮುಟ್ಟಿಸಿ, ಕನ್ನಡದಲ್ಲಿ ಒಂದು ಚೀಟಿ ಮುದ್ರಿಸಿ ತೋರಿಸುವಂತೆ ಕೇಳಬೇಕು. ಒಬ್ಬ ವರ್ತಕ ಕೇಳಿದರೆ ಮಾರಾಟಗಾರ ನಕ್ಕು ಸುಮ್ಮನಾದಾನು. ವಾಣಿಜ್ಯ ಸಂಘಗಳ ಸದಸ್ಯರೆಲ್ಲರೂ ಖರೀದಿಯ ಕರಾರಿನಲ್ಲಿಯೇ ಈ ಷರತ್ತನ್ನು ಬರೆಯಿಸತೊಡಗಿದರೆ, ಮುಂದಿನ ಸುಗ್ಗಿಯ ವೇಳೆಗೆ ಅವನೇ ಕನ್ನಡದ ಚೀಟಿಯನ್ನು ಕೈಯಲ್ಲಿ ಹಿಡಿದು ಜವಳಗೇರಾಕ್ಕೆ ಬರುತ್ತಾನೆ.