ಬ್ಯಾಚಿನ ಪಟ್ಟಿಯಲ್ಲಿ ಇಲ್ಲದವರು

ಪಂಚಾಂಗದಲ್ಲಿ ತಿಥಿಯಿಲ್ಲದ ಹಬ್ಬವೊಂದು ದಕ್ಷಿಣ ಬೆಂಗಳೂರಿನಲ್ಲಿ ಈ ಇಪ್ಪತ್ತು ವರ್ಷಗಳಲ್ಲಿ ಬೇರು ಬಿಟ್ಟಿದೆ. ಪರದೇಶದಲ್ಲಿರುವವರು ಊರಿಗೆ ಬರುವ ಹೊತ್ತು ನೋಡಿಕೊಂಡು ಡಿಸೆಂಬರ್ ಕೊನೆಯಲ್ಲೋ ಬೇಸಿಗೆ ರಜೆಯಲ್ಲೋ ಒಂದು ಭಾನುವಾರ ಗೊತ್ತು ಮಾಡುತ್ತಾರೆ. ಶಾಲೆಯ ಗೇಟಿಗೆ ಬ್ಯಾನರ್ ಏರುತ್ತದೆ: ಗುರುವಂದನೆ ಮತ್ತು ಸ್ನೇಹ ಸಮ್ಮಿಲನ, ಇಂಥ ಸಾಲಿನ ಎಸ್ಸೆಸ್ಸೆಲ್ಸಿ ಬ್ಯಾಚ್. ನಿವೃತ್ತ ಮೇಷ್ಟ್ರುಗಳಿಗೆ, ಮಿಸ್ಸುಗಳಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ಆಮೇಲೆ ಊಟ, ಗ್ರೂಪ್ ಫೋಟೋ, ‘ಲೋ, ನೀನೇನೋ ಇಷ್ಟು ದಪ್ಪ ಆಗಿದೀಯ’ ಎಂಬ ಕೂಗು. ಲಾಲ್‌ಬಾಗಿನ ಸಿದ್ದಾಪುರ ಗೇಟಿನಿಂದ ಜಯನಗರ, ಬನಶಂಕರಿ, ಜೆ.ಪಿ. ನಗರದವರೆಗೆ ಇಂಥ ಸಮಾವೇಶ ಮಾಡದ ಶಾಲೆ ಈಗ ಅಪರೂಪ. ಇಷ್ಟು ವರ್ಷ ನಡೆದುಬಂದ ಮೇಲೆ ಲೆಕ್ಕ ನೋಡಬೇಕಾಗಿದೆ: ಯಾರು ಸಿಕ್ಕರು, ಯಾರು ಸಿಗಲಿಲ್ಲ, ಯಾರನ್ನು ನಾವು ಹುಡುಕಲೇ ಇಲ್ಲ.

ಹಳೆಯ ವಿದ್ಯಾರ್ಥಿಗಳ ಸಂಘ ಎಂಬುದು ನಮ್ಮ ಭಾಗಕ್ಕೆ ಹೊಸತೇನಲ್ಲ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಶುರುವಾದದ್ದು 1917ರಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ನಡೆದೇ ಬಂದು ಅಲ್ಲಿ ಓದಿದ ಎಚ್. ನರಸಿಂಹಯ್ಯನವರು ಅದೇ ಸಂಸ್ಥೆಯ ಕಾಲೇಜಿನಲ್ಲಿ ಮೇಷ್ಟ್ರಾದರು, ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 2005ರಲ್ಲಿ ತೀರಿಕೊಳ್ಳುವವರೆಗೂ ಕಾಲೇಜಿನ ಹಾಸ್ಟೆಲ್ಲಿನ ಕೋಣೆಯೇ ಅವರ ಮನೆ. ತಾವು ಬಿಟ್ಟು ಬಂದ ಸೀಮೆಯ ಮಕ್ಕಳಿಗೆಂದು ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜು ಕಟ್ಟಿದರು. ಹಳೆಯ ವಿದ್ಯಾರ್ಥಿ ಎಂಬ ಮಾತಿಗೆ ಅಷ್ಟು ಅಗಲದ ಅರ್ಥವಿದ್ದ ಊರು ಇದು.

ಆದರೆ ಈಗಿನ ಕೂಟಗಳ ಹುಟ್ಟು ಬೇರೆ ಕಡೆಯದು. 2004ರಲ್ಲಿ ಆರ್ಕುಟ್ ಬಂತು. ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುವವರು ತಮ್ಮ ಶಾಲೆಯ ಹೆಸರು ಬರೆದು ಒಬ್ಬರನ್ನೊಬ್ಬರು ಹುಡುಕಿಕೊಂಡರು. 2014ರಲ್ಲಿ ಅದು ಮುಚ್ಚುವ ಹೊತ್ತಿಗೆ ಎಲ್ಲರೂ ಫೇಸ್‌ಬುಕ್ಕಿಗೆ, ಅಲ್ಲಿಂದ ವಾಟ್ಸ್‌ಆ್ಯಪ್ ಗ್ರೂಪಿಗೆ ಸರಿದಿದ್ದರು. ಆವರೆಗೆ ಸಿಕ್ಕವರೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವರು: ಇಂಜಿನಿಯರು, ಬ್ಯಾಂಕಿನವರು, ವಿದೇಶದವರು. ನಿಜವಾದ ತಿರುವು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದಾಗ. ಆಟೋ ಓಡಿಸುವವನು, ಪ್ಲಂಬರ್, ಟೈಲರಿಂಗ್ ಮಾಡುವವಳು, ಹೂವಿನಂಗಡಿಯವನು, ಅಂಗನವಾಡಿ ಟೀಚರ್ ಒಬ್ಬೊಬ್ಬರಾಗಿ ಗ್ರೂಪಿಗೆ ಬಂದರು. ಹನ್ನೆರಡು ವರ್ಷ ಇಂಗ್ಲಿಷಿನಲ್ಲೇ ನಡೆದಿದ್ದ ಮಾತು ಕನ್ನಡಕ್ಕೆ ತಿರುಗಿತು. ಬರೆಯಲು ಬೇಸರವಾದವರು ವಾಯ್ಸ್ ಮೆಸೇಜ್ ಹಾಕತೊಡಗಿದರು. ಈ ಇಪ್ಪತ್ತು ವರ್ಷಗಳಲ್ಲಿ ಆದ ಅತ್ಯಂತ ಒಳ್ಳೆಯ ಸಂಗತಿ ಇದೇ ಎಂದು ನಾನು ನಂಬಿದ್ದೇನೆ.

ಗ್ರೂಪುಗಳಲ್ಲಿ ಜೂನ್ ತಿಂಗಳು ಬಂತೆಂದರೆ ಸಾಲುಸಾಲು ಹುಟ್ಟುಹಬ್ಬದ ಶುಭಾಶಯ. ಹಿಂದೆ ಮಗುವನ್ನು ಶಾಲೆಗೆ ಸೇರಿಸುವಾಗ ಮನೆಯವರಿಗೆ ಹುಟ್ಟಿದ ತಾರೀಖು ನೆನಪಿರುತ್ತಿರಲಿಲ್ಲ; ಉಗಾದಿಯ ಹಿಂದೆ, ಕರಗದ ಮಾರನೆಯ ದಿನ ಎನ್ನುತ್ತಿದ್ದರು. ವಯಸ್ಸಿನ ಲೆಕ್ಕಕ್ಕೆ ಹೊಂದುವಂತೆ ಹೆಡ್ಮಾಸ್ತರರು ಜೂನಿನ ಒಂದು ದಿನ ಬರೆದುಕೊಳ್ಳುತ್ತಿದ್ದರು. ಆ ತಾರೀಖೇ ಮಾರ್ಕ್ಸ್ ಕಾರ್ಡಿಗೆ, ಅಲ್ಲಿಂದ ಆಧಾರ್ ಕಾರ್ಡಿಗೆ ಹೋಯಿತು. ಒಂದೇ ಕೈಬರಹದ ಒಂದೇ ಪುಸ್ತಕದಿಂದ ಹುಟ್ಟಿದ ದಿನ ಪಡೆದ ಇವರೆಲ್ಲ ಒಂದರ್ಥದಲ್ಲಿ ಒಡಹುಟ್ಟಿದವರೇ.

ಬಿಟ್ಟುಹೋದವರ ವಿಷಯ ಅಷ್ಟು ಹಿತವಾದದ್ದಲ್ಲ. ನಾವು ಬ್ಯಾಚ್ ಎನ್ನುವುದು ಎಸ್ಸೆಸ್ಸೆಲ್ಸಿ ಪಾಸಾದ ವರ್ಷವನ್ನು. ಆ ಅಳತೆಯಲ್ಲೇ ದೋಷವಿದೆ. ಒಂದನೇ ಕ್ಲಾಸಿನಿಂದ ಪಕ್ಕದಲ್ಲಿ ಕೂತು ಸ್ಲೇಟು ಹಂಚಿಕೊಂಡವನು ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಗಾರೆ ಕೆಲಸಕ್ಕೆ ಹೋದರೆ ಅವನು ಯಾವ ಬ್ಯಾಚಿನವನು? ಅಪ್ಪ ತೀರಿಕೊಂಡು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು? ಗಣಿತದಲ್ಲಿ ಹೋಗಿ ಮಾರನೆಯ ವರ್ಷ ಕಟ್ಟಿ ಪಾಸು ಮಾಡಿದವನಿಗೆ ಎರಡು ಬ್ಯಾಚಿನಲ್ಲೂ ಕುರ್ಚಿ ಹಾಕುವುದಿಲ್ಲ. ಶಾಲೆ ಬಿಟ್ಟ ದಿನ ಅವರಿಗೆ ಆದ ನೋವನ್ನು ನಲವತ್ತು ವರ್ಷದ ಮೇಲೆ ನಾವು ಬ್ಯಾನರ್ ಕಟ್ಟಿ ಮತ್ತೊಮ್ಮೆ ಮಾಡುತ್ತಿದ್ದೇವೆ. ಬೇಕೆಂದು ಯಾರೂ ಮಾಡಿದ್ದಲ್ಲ, ಆದರೂ ಆಗುತ್ತಿರುವುದು ಅದೇ.

2025ರ ಜನವರಿಯಲ್ಲಿ ಬಸವನಗುಡಿಯ ಆಚಾರ್ಯ ಪಾಠಶಾಲೆ (ಎ.ಪಿ.ಎಸ್.) ತನ್ನ ತೊಂಬತ್ತರ ಹೊಸ್ತಿಲಲ್ಲಿ ಹಳೆಯ ವಿದ್ಯಾರ್ಥಿಗಳನ್ನು ಸೇರಿಸಿತ್ತು. ಶೂಟಿಂಗಿನ ಮೇಲೆ ಹೊರದೇಶದಲ್ಲಿದ್ದ ರಜನೀಕಾಂತ್ ಕನ್ನಡದಲ್ಲಿ ಮಾತಾಡಿ ವಿಡಿಯೋ ಕಳಿಸಿದರು. ಗವಿಪುರದ ಸರ್ಕಾರಿ ಕನ್ನಡ ಶಾಲೆಯಲ್ಲಿ ಜಾಣ ಹುಡುಗನಾಗಿದ್ದವರು ಎ.ಪಿ.ಎಸ್.ಗೆ ಬಂದು ಇಂಗ್ಲಿಷ್ ಮೀಡಿಯಂನಲ್ಲಿ ಕಡೇ ಬೆಂಚಿಗೆ ಸರಿದದ್ದನ್ನು, ಎಸ್ಸೆಸ್ಸೆಲ್ಸಿಯಲ್ಲಿ ಎಡವಿದ್ದನ್ನು, ಮೇಷ್ಟ್ರೊಬ್ಬರು ಮನೆಗೆ ಕರೆದು ದುಡ್ಡಿಲ್ಲದೆ ಹೇಳಿಕೊಟ್ಟಿದ್ದನ್ನು ಮುಚ್ಚಿಡದೆ ಹೇಳಿಕೊಂಡರು. ಆ ವಿಡಿಯೋ ಊರೆಲ್ಲ ಓಡಾಡಿತು, ಜನ ಕಣ್ಣೊರೆಸಿಕೊಂಡರು. ಮುಂದೆ ಬಿ.ಟಿ.ಎಸ್. ಕಂಡಕ್ಟರಾದ ಅದೇ ಹುಡುಗ ಸಿನಿಮಾಕ್ಕೆ ಹೋಗದೆ ಟಿಕೆಟ್ ಹರಿಯುತ್ತಲೇ ನಿವೃತ್ತನಾಗಿದ್ದರೆ ಅವನಿಗೆ ಕರೆ ಹೋಗುತ್ತಿತ್ತೇ? ಈ ಪ್ರಶ್ನೆ ಆ ಶಾಲೆಗಲ್ಲ, ಸಮಾವೇಶ ಮಾಡುವ ನಮಗೆಲ್ಲರಿಗೂ. ಕಡೇ ಬೆಂಚಿನಲ್ಲಿ ಕೂತು ಹೆಸರಾಗದೆ ಉಳಿದವರೇ ಪ್ರತಿ ತರಗತಿಯಲ್ಲೂ ಹೆಚ್ಚು.

ಹೆಣ್ಣುಮಕ್ಕಳು ಸಿಗುವುದೂ ಕಷ್ಟ. ಮದುವೆಯಾದ ಮೇಲೆ ಇನಿಷಿಯಲ್ ಬದಲಾಗುತ್ತದೆ, ಕೆಲವರಿಗೆ ಹೆಸರೇ ಬದಲಾಗುತ್ತದೆ. ತವರಿನವರು ಮನೆ ಮಾರಿ ಹೋಗಿದ್ದರೆ ಕೊಂಡಿಯೇ ಕಳಚಿತು. ಸಿಕ್ಕವರಲ್ಲೂ ಎಷ್ಟೋ ಜನ ತಿಂಗಳುಗಟ್ಟಲೆ ಗ್ರೂಪಿನಲ್ಲಿ ಮಾತಾಡದೆ ಇರುತ್ತಾರೆ. ಶಾಲೆಯಲ್ಲಿದ್ದಾಗ ಹತ್ತು ವರ್ಷ ಒಂದೇ ಕೋಣೆಯಲ್ಲಿ ಕೂತೂ ಮಾತಾಡದ ಹುಡುಗ ಹುಡುಗಿಯರು ಐವತ್ತು ದಾಟಿದ ಮೇಲೆ ‘ಏನೇ ಸುಜಾತಾ’, ‘ಬಾರೋ ಇಲ್ಲಿ’ ಎನ್ನುವುದನ್ನು ಕಂಡಾಗ ಸಂತೋಷದಿಂದ ಎದೆ ತುಂಬುತ್ತದೆ. ಆದರೆ ಆ ಸಲಿಗೆ ಬೆಳೆಯಲು ಜಾಗವೂ ಹೊತ್ತೂ ಸರಿಯಿರಬೇಕು. ಶಾಲೆಯ ಹಾಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಬಂದ ಹೆಂಗಸರು ಕನಕಪುರ ರಸ್ತೆಯ ರೆಸಾರ್ಟಿನಲ್ಲಿ ರಾತ್ರಿ ತಂಗುವ ಕಾರ್ಯಕ್ರಮಕ್ಕೆ ಬರಲಿಲ್ಲ. ಕರೆದಿದ್ದೆವಲ್ಲ, ಅವರೇ ಬರಲಿಲ್ಲ ಎಂಬ ಮಾತು ಕೇಳಿಬಂತು. ಅದು ನ್ಯಾಯದ ಮಾತಲ್ಲ.

ಸಿದ್ದಾಪುರದ ವಿಚಾರಕ್ಕೆ ಬರೋಣ. ಹೈದರಾಲಿ 1760ರಲ್ಲಿ ಶುರುಮಾಡಿದ ಲಾಲ್‌ಬಾಗಿನ ಮಗ್ಗುಲಿನ ಊರು ಇದು. ಸಸಿ ಕಟ್ಟುವುದು, ಕಸಿ ಮಾಡುವುದು, ಗೊಬ್ಬರ ಹದ ಮಾಡುವುದು ಇಲ್ಲಿನ ಎಷ್ಟೋ ಮನೆಗಳ ವಿದ್ಯೆ. 1948ರಲ್ಲಿ ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಅಡಿಗಲ್ಲು ಹಾಕಿದ ಜಯನಗರ ಬಡಾವಣೆ ಇದರ ಪಕ್ಕದಲ್ಲೇ ಎದ್ದಿತು. ಹಳ್ಳಿಯ ಮಕ್ಕಳೂ ಬಡಾವಣೆಯ ಮಕ್ಕಳೂ ಒಂದೇ ಶಾಲೆಗೆ ಹೋದ ಕಾಲವೊಂದಿತ್ತು. ನರ್ಸರಿಯವರ ಮಗ, ಬ್ಯಾಂಕ್ ಗುಮಾಸ್ತರ ಮಗಳು, ಲಾಲ್‌ಬಾಗಿನ ಮಾಲಿಯ ಮಗ, ಮನೆಯಲ್ಲಿ ತಮಿಳೋ ತೆಲುಗೋ ಉರ್ದುವೋ ಆಡುವವರು, ಎಲ್ಲರೂ ಒಂದೇ ಹಾಜರಿ ಪುಸ್ತಕದಲ್ಲಿದ್ದರು. ಇವತ್ತಿನ ಸಮ್ಮಿಲನಗಳು ಸೇರಿಸುತ್ತಿರುವುದು ಆ ಮಿಶ್ರ ತರಗತಿಗಳನ್ನು. ನಮ್ಮ ಮಕ್ಕಳು ಹಾಗೆ ಓದಲಿಲ್ಲ; ಫೀಸಿನ ಮಟ್ಟ ನೋಡಿ ಶಾಲೆಗಳು ಬೇರೆಬೇರೆಯಾದವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕೆಂದು ಸರ್ಕಾರ 1994ರಲ್ಲಿ ಹೊರಡಿಸಿದ ಆದೇಶ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಕೋರ್ಟಿಗಿಂತ ಮೊದಲೇ ನಾವು, ಹಳೆಯ ವಿದ್ಯಾರ್ಥಿಗಳು, ನಮ್ಮ ಮಕ್ಕಳನ್ನು ನಾವು ಓದಿದ ಶಾಲೆಗೆ ಕಳಿಸುವುದನ್ನು ನಿಲ್ಲಿಸಿದ್ದೆವು. ಗುರುವಂದನೆಯ ದಿನ ಖಾಲಿ ಕೋಣೆಗಳನ್ನು ನೋಡಿ ಮರುಗುವಾಗ ಇದನ್ನೂ ಹೇಳಿಕೊಳ್ಳಬೇಕು.

ಈ ಗೆಳೆತನ ಕೈಹಿಡಿದದ್ದೂ ಇದೆ, ಅದು ಸಣ್ಣದಲ್ಲ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರು ಆಕ್ಸಿಜನ್‌ಗೆ, ಬೆಡ್‌ಗೆ ಪರದಾಡಿದಾಗ ಬ್ಯಾಚಿನ ಗ್ರೂಪುಗಳು ರಾತ್ರಿಯೆಲ್ಲ ಎಚ್ಚರವಿದ್ದವು. ನರ್ಸ್ ಆಗಿದ್ದವಳು ಆಸ್ಪತ್ರೆಗೆ ವಿಚಾರಿಸಿದಳು, ಆಟೋದವನು ಸಿಲಿಂಡರ್ ಹೊತ್ತ, ದೂರದೇಶದವರು ದುಡ್ಡು ಕಳಿಸಿದರು. ಆಮೇಲೆ ಸೇರಿದಾಗ ತೀರಿಕೊಂಡ ಗೆಳೆಯರ, ಮೇಷ್ಟ್ರುಗಳ ಹೆಸರು ಓದಿ ಎದ್ದುನಿಂತದ್ದು ಬರಿಯ ಶಿಷ್ಟಾಚಾರವಾಗಿರಲಿಲ್ಲ. ಅಂದಿನಿಂದ ಎಷ್ಟೋ ಬ್ಯಾಚುಗಳು ಒಂದು ನಿಧಿ ಇಟ್ಟುಕೊಂಡಿವೆ: ಡಯಾಲಿಸಿಸ್‌ಗೆ, ಮಗಳ ಕಾಲೇಜು ಫೀಸಿಗೆ, ಶಾಲೆಗೊಂದು ಕುಡಿಯುವ ನೀರಿನ ಫಿಲ್ಟರಿಗೆ. ಸರ್ಕಾರವೂ ‘ನಮ್ಮ ಶಾಲೆ ನಮ್ಮ ಜವಾಬ್ದಾರಿ’ ಎಂದು ಹಳೆಯ ವಿದ್ಯಾರ್ಥಿಗಳನ್ನು ಕರೆಯುತ್ತಿದೆ. ಕೊಡುವುದು ಸರಿ. ಆದರೆ ಕೊಡಬಲ್ಲವರನ್ನು ಮಾತ್ರ ಹುಡುಕುವ ಚಾಳಿ ಇದರಿಂದ ಬೆಳೆಯಬಾರದು.

ಮುಂದಿನ ಸಲಕ್ಕೆ ನನ್ನ ಕೋರಿಕೆ ಇಷ್ಟು. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿ ಬೇಡ. ಹೆಡ್ಮಾಸ್ತರರ ಅನುಮತಿ ಪಡೆದು ಒಂದನೇ ಕ್ಲಾಸಿನ ದಾಖಲಾತಿ ಪುಸ್ತಕ ತೆಗೆಯೋಣ. ಸೇರಿದವರೆಲ್ಲ ನಮ್ಮವರು, ಮುಗಿಸಿದರೋ ಇಲ್ಲವೋ ಆಮೇಲಿನ ಮಾತು. ತಲೆಗಿಷ್ಟು ಎಂಬ ವಂತಿಗೆ ಬೇಡ. ಬಾಗಿಲಲ್ಲಿ ಒಂದು ಡಬ್ಬಿ ಇರಲಿ, ಕೈಲಾದಷ್ಟು ಹಾಕಲಿ. ಜಾಗ ಶಾಲೆಯ ಅಂಗಳವೇ ಆಗಲಿ. ಮತ್ತು ದಯವಿಟ್ಟು ಭಾನುವಾರ ಬೇಡ, ಜನವರಿ 26 ಅಥವಾ ಆಗಸ್ಟ್ 15ರ ಆಸುಪಾಸಂತೂ ಬೇಡವೇ ಬೇಡ. ಆ ದಿನಗಳಲ್ಲಿ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ. ಭಾನುವಾರಗಳೂ ಪ್ರದರ್ಶನದ ದಿನಗಳೂ ಗಿಡ ಕೊಳ್ಳುವವರು ಸಿದ್ದಾಪುರಕ್ಕೆ ಬರುವ ದಿನಗಳು. ನರ್ಸರಿ ನಡೆಸುವ, ಕುಂಡ ಮಾರುವ, ಲಗೇಜ್ ಆಟೋ ಓಡಿಸುವ ನಮ್ಮ ಕ್ಲಾಸಿನವರಿಗೆ ಅಂಗಡಿ ಮುಚ್ಚಿ ಬಾ ಎನ್ನಲಾಗದು. ವಾರದ ನಡುವೆ, ಮಂಗಳವಾರವೋ ಬುಧವಾರವೋ, ಮಧ್ಯಾಹ್ನ ಮೂರರ ಮೇಲೆ ಇಟ್ಟರೆ ಅವರೂ ಬರುತ್ತಾರೆ. ಆಫೀಸಿನವರು ಅರ್ಧ ದಿನ ರಜೆ ಹಾಕಲಿ.