ಅಭಿಮಾನದ ಲೋಟದಲ್ಲಿ ಏನಿದೆ?

2015ರ ಡಿಸೆಂಬರ್ 28ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದ ತಮ್ಮ ಮನೆಯಲ್ಲಿ ಲೆಮ್ಮಿ ಕಿಲ್ಮಿಸ್ಟರ್ ತೀರಿಕೊಂಡರು. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ಹುಟ್ಟಿದ ಅವರು 1975ರಲ್ಲಿ ‘ಮೋಟರ್‌ಹೆಡ್’ ಎಂಬ ರಾಕ್ ತಂಡ ಕಟ್ಟಿ, ನಲವತ್ತು ವರ್ಷ ಅದನ್ನು ನಡೆಸಿದ ಗಾಯಕ ಹಾಗೂ ಬೇಸ್ ಗಿಟಾರ್ ವಾದಕ. ಸಾಯುವ ನಾಲ್ಕು ದಿನ ಮೊದಲಷ್ಟೇ ಅವರಿಗೆ ಎಪ್ಪತ್ತು ತುಂಬಿತ್ತು. ಸಾವಿನ ಸುದ್ದಿಯನ್ನು ಪ್ರಕಟಿಸುವಾಗ ತಂಡದವರು ಅಭಿಮಾನಿಗಳಿಗೆ ಎರಡು ಕೋರಿಕೆ ಸಲ್ಲಿಸಿದರು. ಅವರ ಸಂಗೀತವನ್ನು ಜೋರಾಗಿ ಹಾಕಿ ಕೇಳಿ. ಅವರ ನೆನಪಿಗೆ ಒಂದೆರಡು ಲೋಟ ಕುಡಿಯಿರಿ.

ಮೊದಲನೆಯ ಕೋರಿಕೆಯ ಬಗ್ಗೆ ವೈದ್ಯನಾಗಿ ನನ್ನ ತಕರಾರು ಅಷ್ಟೇನಿಲ್ಲ. ಕಿವಿಯ ವಿಷಯವನ್ನು ಇನ್ನೊಂದು ವಾರ ಬರೆಯಬಹುದು. ಎರಡನೆಯದನ್ನು ಕುರಿತು ಈ ವಾರ ಕೆಲವು ಮಾತು.

ಅಭಿಮಾನಿಗಳು ಅವರನ್ನು ನೆನೆದ ರೀತಿ ದೊಡ್ಡದು. 2016ರ ಜನವರಿ 9ರಂದು ನಡೆದ ಶ್ರದ್ಧಾಂಜಲಿ ಸಭೆಯನ್ನು ಲಕ್ಷಾಂತರ ಜನ ಅಂತರ್ಜಾಲದಲ್ಲಿ ನೇರವಾಗಿ ನೋಡಿದರು. ಆಗಷ್ಟೇ ದೃಢಪಟ್ಟಿದ್ದ ನಾಲ್ಕು ಹೊಸ ಮೂಲವಸ್ತುಗಳಲ್ಲಿ ಒಂದಕ್ಕೆ ‘ಲೆಮ್ಮಿಯಮ್’ ಎಂದು ಹೆಸರಿಡಬೇಕೆಂದು ಸುಮಾರು ಒಂದೂವರೆ ಲಕ್ಷ ಮಂದಿ ಸಹಿ ಹಾಕಿದರು. ಅವರ ಸಂಗೀತಕ್ಕೆ ‘ಹೆವಿ ಮೆಟಲ್’ ಎಂಬ ಹೆಸರಿರುವಾಗ ಒಂದು ಭಾರವಾದ ಲೋಹಕ್ಕೆ ಅವರ ಹೆಸರು ಯಾಕಿರಬಾರದು ಎಂಬುದು ಅವರ ತರ್ಕ. ವಿಜ್ಞಾನಿಗಳು ಒಪ್ಪಲಿಲ್ಲ, ಆ ಮಾತು ಬೇರೆ. ಅವರು ದಿನವೂ ಹೋಗಿ ಕೂರುತ್ತಿದ್ದ ವೆಸ್ಟ್ ಹಾಲಿವುಡ್‌ನ ರೇನ್‌ಬೋ ಬಾರಿನಲ್ಲಿ ಅವರ ಪ್ರತಿಮೆ ನಿಂತಿತು. 2025ರ ಮೇ ತಿಂಗಳಲ್ಲಿ ಅವರ ಹುಟ್ಟೂರಿನ ಬರ್ಸ್‌ಲೆಮ್ ಪೇಟೆಯಲ್ಲೂ ಒಂದು ಪ್ರತಿಮೆ ಎದ್ದಿತು. ಇಷ್ಟೆಲ್ಲದರ ನಡುವೆ ಹತ್ತಾರು ಸಾವಿರ ಜನ ಸೇರಿ ಇನ್ನೊಂದು ಬೇಡಿಕೆ ಇಟ್ಟರು. ವಿಸ್ಕಿಗೆ ಕೋಲಾ ಬೆರೆಸಿದ ಪಾನೀಯವನ್ನು ಇನ್ನು ಮುಂದೆ ‘ಲೆಮ್ಮಿ’ ಎಂದೇ ಕರೆಯಬೇಕು. ಅದು ಅವರು ಬಹುಕಾಲ ಕುಡಿದ ಪಾನೀಯ. ಆ ವ್ಯಾಪಾರದ ಒಂದು ಪತ್ರಿಕೆ ಇದನ್ನು ಒಪ್ಪಿಯೂಬಿಟ್ಟಿತು.

ನನ್ನ ಕಳವಳ ಶುರುವಾಗುವುದು ಇಲ್ಲಿಂದ.

ಇದೆಲ್ಲ ನಮ್ಮ ಊರಿಗೇಕೆ ಎಂದು ನೀವು ಕೇಳಬಹುದು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಹಾಡಿದಾಗ ಸಾವಿರಾರು ಯುವಕರು ಸೇರಿದ್ದರು. ಆ ಮೆಟಾಲಿಕಾ ತಂಡದವರೇ 1995ರಲ್ಲಿ ಲೆಮ್ಮಿಯವರ ಐವತ್ತನೆಯ ಹುಟ್ಟುಹಬ್ಬಕ್ಕೆ ಅವರಂತೆ ವೇಷ ತೊಟ್ಟು, ಅವರ ಹಾಡುಗಳನ್ನೇ ನುಡಿಸಿದ ಪರಮ ಅಭಿಮಾನಿಗಳು. ಹಾಗಾಗಿ ಈ ಹೆಸರು ನಿಮ್ಮ ಮನೆಯ ಮಗನಿಗೋ ಮಗಳಿಗೋ ಹೊಸದಲ್ಲದೆ ಇರಬಹುದು. ಹೆಸರಿನ ಜೊತೆಗೆ ಬರುವ ಕಥೆಯೂ ಅವರಿಗೆ ಗೊತ್ತಿರುತ್ತದೆ: ದಿನಕ್ಕೊಂದು ಬಾಟಲಿ ವಿಸ್ಕಿ, ಬಿಡದ ಸಿಗರೇಟು, ನಿದ್ದೆ ಓಡಿಸುವ ಆಂಫೆಟಮೈನ್ ಪುಡಿ, ಆದರೂ ಎಪ್ಪತ್ತು ವರ್ಷ!

ಆ ‘ಆದರೂ’ ಎಂಬ ಪದವೇ ಅಪಾಯಕಾರಿ. ನನ್ನ ಬಳಿ ಬರುವವರಲ್ಲಿ ‘ನಮ್ಮಜ್ಜ ದಿನಕ್ಕೆರಡು ಕಟ್ಟು ಬೀಡಿ ಸೇದಿಯೂ ತೊಂಬತ್ತು ವರ್ಷ ಬದುಕಿದ್ದರು ಡಾಕ್ಟ್ರೇ’ ಎನ್ನದವರು ಕಡಿಮೆ. ಆ ಅಜ್ಜನ ಮಾತು ಸುಳ್ಳಲ್ಲ. ಆದರೆ ಅದೇ ಬೀಡಿ ಸೇದಿ ಐವತ್ತಕ್ಕೇ ಹೋದ ಪಕ್ಕದ ಮನೆಯವರ ಕಥೆಯನ್ನು ಯಾರೂ ಹೇಳುವುದಿಲ್ಲ. ಉಳಿದವರ ಕಥೆ ಉಳಿಯುತ್ತದೆ, ಹೋದವರ ಕಥೆ ಅವರೊಂದಿಗೇ ಹೋಗುತ್ತದೆ.

ಒಂದು ಬಾಟಲಿ ವಿಸ್ಕಿ ಎಂದರೆ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡೋಣ. 700 ಮಿಲಿಲೀಟರಿನ ಬಾಟಲಿಯಲ್ಲಿ ಶೇಕಡಾ 40ರಷ್ಟು, ಅಂದರೆ 280 ಮಿ.ಲೀ. ಶುದ್ಧ ಮದ್ಯಸಾರ ಇರುತ್ತದೆ. ತೂಕದಲ್ಲಿ ಸುಮಾರು 220 ಗ್ರಾಂ. ಬ್ರಿಟನ್ನಿನ ವೈದ್ಯರ ಲೆಕ್ಕದಲ್ಲಿ 8 ಗ್ರಾಂ ಮದ್ಯಸಾರ ಒಂದು ಯೂನಿಟ್. 2016ರಿಂದ ಅಲ್ಲಿನ ಸಲಹೆ ವಾರಕ್ಕೆ 14 ಯೂನಿಟ್ ಮೀರಬಾರದು ಎಂದಿದೆ. ಒಂದು ಬಾಟಲಿ ಎಂದರೆ 28 ಯೂನಿಟ್. ಎರಡು ವಾರದ ಮಿತಿ ಒಂದೇ ದಿನದಲ್ಲಿ ಮುಗಿಯಿತು. ಸಾಮಾನ್ಯ ವ್ಯಕ್ತಿಯ ಯಕೃತ್ತು ಗಂಟೆಗೆ ಸುಮಾರು ಒಂದು ಯೂನಿಟ್ ಮದ್ಯಸಾರವನ್ನು ಕರಗಿಸಬಲ್ಲದು. 28 ಯೂನಿಟ್ಟಿಗೆ 28 ಗಂಟೆ ಬೇಕು, ದಿನಕ್ಕಿರುವುದು 24 ಗಂಟೆ. ವಿಶ್ವ ಆರೋಗ್ಯ ಸಂಸ್ಥೆಯಂತೂ ಕುಡಿತಕ್ಕೆ ಸುರಕ್ಷಿತ ಮಿತಿ ಎಂಬುದೇ ಇಲ್ಲ ಎಂದು 2023ರಲ್ಲಿ ಹೇಳಿದೆ.

‘ಅಷ್ಟು ಕುಡಿದರೂ ತೂರಾಡುತ್ತಿರಲಿಲ್ಲವಂತೆ’ ಎಂದು ಅಭಿಮಾನಿಗಳು ಹೆಮ್ಮೆಯಿಂದ ಹೇಳುವುದುಂಟು. ನಮ್ಮಲ್ಲೂ ‘ಅವನು ಎಷ್ಟು ಕುಡಿದರೂ ಗೊತ್ತೇ ಆಗುವುದಿಲ್ಲ, ಗಟ್ಟಿ ಆಳು’ ಎನ್ನುತ್ತಾರೆ. ತೂರಾಡದಿರುವುದು ಗಟ್ಟಿತನದ ಗುರುತಲ್ಲ. ದಿನವೂ ಮದ್ಯದಲ್ಲಿ ನೆನೆಯುವ ಮಿದುಳು ಅದಕ್ಕೆ ಒಗ್ಗಿಕೊಂಡಿದೆ ಎಂದಷ್ಟೇ ಅರ್ಥ. ಹೃದಯ, ಯಕೃತ್ತು, ಅನ್ನನಾಳಗಳಿಗೆ ಆಗುವ ಹಾನಿ ಮಾತ್ರ ಕುಡಿದ ಪ್ರಮಾಣವನ್ನೇ ಅನುಸರಿಸುತ್ತದೆ. ಗೊತ್ತಾಗದೆ ಕುಡಿಯುವವನು ಹೆಚ್ಚು ಕುಡಿಯುತ್ತಾನೆ, ಆದ್ದರಿಂದ ಹೆಚ್ಚು ಅಪಾಯದಲ್ಲಿರುತ್ತಾನೆ.

ಅವರ ಜೊತೆಯವರು ಏನಾದರು ಎಂಬುದನ್ನೂ ನೆನೆಯಬೇಕು. ಮೋಟರ್‌ಹೆಡ್ ತಂಡದ ಹಳೆಯ ಡ್ರಮ್ ವಾದಕ ಫಿಲ್ ಟೇಲರ್ 61ನೇ ವಯಸ್ಸಿನಲ್ಲಿ ಯಕೃತ್ತಿನ ವೈಫಲ್ಯದಿಂದ ತೀರಿಕೊಂಡದ್ದು ಲೆಮ್ಮಿಯವರಿಗಿಂತ ಏಳು ವಾರ ಮೊದಲು. ಎಸಿ/ಡಿಸಿ ತಂಡದ ಗಾಯಕ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಒಂದು ರಾತ್ರಿಯ ಕುಡಿತದ ನಂತರ, ನಿಲ್ಲಿಸಿದ್ದ ಕಾರಿನಲ್ಲಿ ಮಲಗಿದವರು ಏಳಲಿಲ್ಲ. ವಯಸ್ಸು 33. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೆಡ್ ಜೆಪೆಲಿನ್ ತಂಡದ ಜಾನ್ ಬೋನಮ್ ಅತಿಯಾಗಿ ವೋಡ್ಕಾ ಕುಡಿದು ಮಲಗಿದ್ದಾಗ ವಾಂತಿ ಶ್ವಾಸನಾಳಕ್ಕೆ ಹೋಗಿ ಸತ್ತರು. ವಯಸ್ಸು 32. 1956ರಿಂದ 2006ರ ನಡುವೆ ಪ್ರಸಿದ್ಧಿಗೆ ಬಂದ 1,489 ರಾಕ್ ಮತ್ತು ಪಾಪ್ ಕಲಾವಿದರನ್ನು ಕುರಿತು ಬ್ರಿಟನ್ನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 137 ಮಂದಿ ಆಗಲೇ ತೀರಿಕೊಂಡಿದ್ದರು. ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ಅವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತು.

ಸ್ಕಾಟ್, ಬೋನಮ್ ಇಬ್ಬರನ್ನೂ ಜೊತೆಯವರು ‘ಮಲಗಿದರೆ ಸರಿಹೋಗುತ್ತದೆ’ ಎಂದುಕೊಂಡು ಬಿಟ್ಟಿದ್ದರು. ನಮ್ಮ ಮದುವೆ ಮನೆ, ಹಾಸ್ಟೆಲು, ಹೊಸ ವರ್ಷದ ಪಾರ್ಟಿಗಳಲ್ಲೂ ಹೀಗೇ ಆಗುತ್ತದೆ. ಆದ್ದರಿಂದ ಇದನ್ನು ಮನೆಯ ಹುಡುಗರಿಗೆ ಓದಿ ಹೇಳಿ. ಕುಡಿದು ಪ್ರಜ್ಞೆ ತಪ್ಪಿದವರನ್ನು ಒಂಟಿಯಾಗಿ ಬಿಡಬಾರದು. ಅಂಗಾತ ಮಲಗಿಸದೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಕಾಫಿ, ನಿಂಬೆರಸ, ಮಜ್ಜಿಗೆ ಯಾವುದನ್ನೂ ಬಾಯಿಗೆ ಹಾಕಬಾರದು, ಬಲವಂತವಾಗಿ ವಾಂತಿ ಮಾಡಿಸಬಾರದು. ಅಲುಗಾಡಿಸಿದರೂ ಎಚ್ಚರವಾಗದಿದ್ದರೆ, ಉಸಿರು ತೀರ ನಿಧಾನವಾದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ದೊಡ್ಡವರು ಬೈಯುತ್ತಾರೆಂಬ ಹೆದರಿಕೆಗೆ ಜೀವ ಹೋಗಬಾರದು.

ಲೆಮ್ಮಿಯವರ ಬಗ್ಗೆ ಅಭಿಮಾನಿಗಳು ಇಷ್ಟಪಟ್ಟು ಹೇಳುವ ಇನ್ನೊಂದು ಕಥೆಯಿದೆ. 2002ರ ತಮ್ಮ ಆತ್ಮಕಥೆಯಲ್ಲಿ ಅವರೇ ಅದನ್ನು ಹೇಳಿಕೊಂಡಿದ್ದಾರೆ. 1980ರ ಸುಮಾರಿಗೆ ಮೈಯ ರಕ್ತವನ್ನೆಲ್ಲ ಬದಲಾಯಿಸಿಕೊಳ್ಳಲು ಹೋದಾಗ, ‘ನಿಮ್ಮದು ಮನುಷ್ಯರ ರಕ್ತವಾಗಿಯೇ ಉಳಿದಿಲ್ಲ, ಶುದ್ಧ ರಕ್ತ ಕೊಟ್ಟರೆ ಸಾಯುತ್ತೀರಿ’ ಎಂದು ವೈದ್ಯರು ಹೇಳಿದರಂತೆ. ಕೇಳಲು ಸೊಗಸಾಗಿದೆ, ಆದರೆ ವೈದ್ಯಶಾಸ್ತ್ರ ಹಾಗಿಲ್ಲ. ಕೆಂಪು ರಕ್ತಕಣಗಳು ಸುಮಾರು 120 ದಿನಕ್ಕೊಮ್ಮೆ ತಾವಾಗಿ ಹೊಸದಾಗುತ್ತವೆ. ಹೊಂದಿಕೆಯಾಗುವ ಗುಂಪಿನ ಒಳ್ಳೆಯ ರಕ್ತ ಕುಡುಕರಿಗೆ ವಿಷವಾಗುವುದಿಲ್ಲ.

ಆದರೂ ಆ ಕಥೆಯೊಳಗೆ ಒಂದು ನಿಜ ಅಡಗಿದೆ. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಅಪಾಯವಾಗಬಹುದು. ಮೊದಲ ದಿನ ಕೈನಡುಕ, ಬೆವರು, ನಿದ್ರಾಹೀನತೆ. ಒಂದೆರಡು ದಿನದಲ್ಲಿ ಫಿಟ್ಸ್. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣಿಸುವ, ಗೊತ್ತುಗುರಿಯಿಲ್ಲದೆ ಮಾತನಾಡುವ ಸನ್ನಿ. ಇದು ಪ್ರಾಣಕ್ಕೂ ಕುತ್ತಾಗಬಹುದು. ಹಾಗೆಂದು ಕುಡಿತ ಬಿಡಬಾರದು ಎಂದಲ್ಲ, ವೈದ್ಯರ ನಿಗಾದಲ್ಲಿ ಬಿಡಬೇಕು. ಔಷಧ ಮತ್ತು ಬಿ1 ಜೀವಸತ್ವದ ನೆರವಿನಿಂದ ಇದು ಸಾಧ್ಯ. ದೇವರ ಮುಂದೆ ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. 14446 ಎಂಬ ಉಚಿತ ಸಹಾಯವಾಣಿಯೂ ಇದೆ.

ಇನ್ನು ಲೆಮ್ಮಿಯವರ ದೇಹ ಕೊಟ್ಟ ಲೆಕ್ಕ. 2000ನೇ ಇಸವಿಯಲ್ಲಿ ಮಧುಮೇಹ ಹಾಗೂ ಅಧಿಕ ರಕ್ತದೊತ್ತಡ. 2013ರಲ್ಲಿ ಹೃದಯದ ಬಡಿತ ತಪ್ಪಿ, ಅದನ್ನು ಸರಿಪಡಿಸುವ ಉಪಕರಣವನ್ನು ಎದೆಯೊಳಗೆ ಅಳವಡಿಸಬೇಕಾಯಿತು. ಅದೇ ವರ್ಷ ಜರ್ಮನಿಯ ವಾಕೆನ್ ಉತ್ಸವದಲ್ಲಿ ಅರ್ಧಗಂಟೆಗೇ ವೇದಿಕೆ ಬಿಟ್ಟು ಇಳಿದರು. ಕೊನೆಯ ವರ್ಷಗಳಲ್ಲಿ ಸಿಗರೇಟನ್ನು ಬಹಳ ಕಡಿಮೆ ಮಾಡಿದ್ದರು. ಸಕ್ಕರೆ ಕಾಯಿಲೆಯ ಕಾರಣಕ್ಕೆಂದು ವಿಸ್ಕಿ-ಕೋಲಾ ಬಿಟ್ಟು ವೋಡ್ಕಾ-ಕಿತ್ತಳೆ ರಸಕ್ಕೆ ಬದಲಾದರು. ಇದು ನಮ್ಮ ರೋಗಿಗಳೂ ಮಾಡಿಕೊಳ್ಳುವ ರಾಜಿ. ಒಂದು ದೊಡ್ಡ ಲೋಟ ಕಿತ್ತಳೆ ರಸದಲ್ಲಿರುವ ಸಕ್ಕರೆ ಅಷ್ಟೇ ಕೋಲಾದಲ್ಲಿರುವುದಕ್ಕಿಂತ ಹೆಚ್ಚು ಕಡಿಮೆಯೇನಲ್ಲ. ವೋಡ್ಕಾದ ಮದ್ಯಸಾರವೂ ವಿಸ್ಕಿಯದೂ ಒಂದೇ. ಬದಲಾದದ್ದು ಲೋಟದ ಬಣ್ಣ.

2015ರ ಆಗಸ್ಟ್‌ನಲ್ಲಿ ಎತ್ತರದ ಪ್ರದೇಶವಾದ ಸಾಲ್ಟ್ ಲೇಕ್ ಸಿಟಿಯಲ್ಲಿ ಉಸಿರಾಟ ಕಷ್ಟವಾಗಿ ಕಾರ್ಯಕ್ರಮವನ್ನು ಮೊಟಕುಗೊಳಿಸಿದರು. ಸೆಪ್ಟೆಂಬರ್ 1ರಂದು ಆಸ್ಟಿನ್ ನಗರದಲ್ಲಿ ಕೆಲವೇ ಹಾಡು ಹಾಡಿ, ಇನ್ನು ತಮ್ಮಿಂದಾಗದೆಂದು ಜನರಲ್ಲಿ ಕ್ಷಮೆ ಕೇಳಿ ಒಳಗೆ ಹೋದರು. ಡಿಸೆಂಬರ್ 11ರಂದು ಬರ್ಲಿನ್ನಿನಲ್ಲಿ ಕೊನೆಯ ಕಛೇರಿ. ಡಿಸೆಂಬರ್ 26ರಂದು ಉಗ್ರ ಸ್ವರೂಪದ ಕ್ಯಾನ್ಸರ್ ಇದೆಯೆಂದು ತಿಳಿಯಿತು. 28ರಂದು ಎಲ್ಲ ಮುಗಿಯಿತು. ಮರಣಪತ್ರದಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಹೃದಯಬಡಿತದ ಏರುಪೇರು, ಹೃದಯದ ವೈಫಲ್ಯ ಎಂದು ನಮೂದಾಗಿದೆ.

ಮದ್ಯವೇ ಅವರನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡಕರುಳು, ಮಹಿಳೆಯರ ಸ್ತನ ಇವುಗಳ ಕ್ಯಾನ್ಸರಿಗೆ ಮದ್ಯ ಕಾರಣವೆಂಬುದು ಖಚಿತ. ಪ್ರಾಸ್ಟೇಟ್ ವಿಷಯದಲ್ಲಿ ಅಷ್ಟು ಖಚಿತವಿಲ್ಲ. ಆದರೆ ದುರ್ಬಲಗೊಂಡ ಹೃದಯ ಮತ್ತು ತಪ್ಪಿದ ಬಡಿತ ದೀರ್ಘಕಾಲದ ಕುಡಿತ, ಹೊಗೆ, ಆಂಫೆಟಮೈನ್‌ಗಳ ಹಳೆಯ ಪರಿಚಿತರು. ಐವತ್ತು ದಾಟಿದ ಗಂಡಸರು ಒಂದನ್ನು ಗಮನಿಸಬೇಕು. ರಾತ್ರಿ ಪದೇ ಪದೇ ಮೂತ್ರಕ್ಕೇಳುವುದು, ಧಾರೆ ಸಣ್ಣದಾಗುವುದು, ಮೂತ್ರದಲ್ಲಿ ರಕ್ತ, ಬಿಡದ ಬೆನ್ನುನೋವು ಇವನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ. ಬಹುಪಾಲು ಅದು ಕ್ಯಾನ್ಸರ್ ಆಗಿರುವುದಿಲ್ಲ. ಆಗಿದ್ದರೆ ಬೇಗ ತಿಳಿಯುವುದು ಒಳ್ಳೆಯದು.

ಹಾಗಾದರೆ ಅಭಿಮಾನಿಗಳು ಅವರನ್ನು ನೆನೆಯಬಾರದೇ? ಖಂಡಿತ ನೆನೆಯಬೇಕು. ನೆನೆಯಲು ಬೇಕಾದಷ್ಟಿದೆ. ನಲವತ್ತು ವರ್ಷದಲ್ಲಿ 22 ಆಲ್ಬಮ್‌ಗಳು. ಹಗಲಿರುಳೆನ್ನದೆ ಊರಿಂದೂರಿಗೆ ತಿರುಗಿ ನುಡಿಸಿದ ಶ್ರಮ. ಹೆರಾಯಿನ್ ಎಂಬ ಮಾದಕವಸ್ತು ತಮಗೆ ಪ್ರಿಯರಾದವರನ್ನು ಕೊಂದದ್ದನ್ನು ಕಂಡು ಅವರು ಅದನ್ನು ಕಡೆಯವರೆಗೂ ದ್ವೇಷಿಸಿದರು. ಅದು ಮಾಡುವ ಹಾನಿಯ ಬಗ್ಗೆ 2005ರಲ್ಲಿ ವೇಲ್ಸ್ ಶಾಸನಸಭೆಯ ಸದಸ್ಯರ ಮುಂದೆ ಹೋಗಿ ಮಾತನಾಡಿದರು. ಈ ಸಂಗತಿಗೆ ಪ್ರತಿಮೆಯೂ ಇಲ್ಲ, ಪಾನೀಯವೂ ಇಲ್ಲ. ಕುಡಿತವನ್ನು ಮಾತ್ರ ಹೊಗಳುವವರು ಅವರ ಕೆಲಸವನ್ನೇ ಚಿಕ್ಕದು ಮಾಡುತ್ತಾರೆ. ಬಾಟಲಿ ಖಾಲಿ ಮಾಡಿದವರು ಊರಿಗೆ ನೂರು ಜನ ಸಿಗುತ್ತಾರೆ, ಅವರಲ್ಲಿ ಒಬ್ಬರೂ ಲೆಮ್ಮಿ ಆಗಲಿಲ್ಲ.

ಕೊನೆಗೆ ತಂದೆ-ತಾಯಿಯರಿಗೊಂದು ಮಾತು. ಮಗನ ಅಂಗಿಯ ಮೇಲೆ ಕೋರೆಹಲ್ಲಿನ ತಲೆಬುರುಡೆಯ ಚಿತ್ರ ಕಂಡ ಕೂಡಲೇ ಹುಡುಗ ಕೆಟ್ಟ ಎಂದು ತೀರ್ಮಾನಿಸಬೇಡಿ. ಸಂಗೀತ ಯಾರನ್ನೂ ಕುಡುಕರನ್ನಾಗಿ ಮಾಡುವುದಿಲ್ಲ. ಅವನ ಪಕ್ಕದಲ್ಲಿ ಕುಳಿತು ಒಂದು ಹಾಡು ಕೇಳಿ, ತಲೆನೋವು ಬಂದರೂ ಸಹಿಸಿಕೊಳ್ಳಿ. ಆಮೇಲೆ ಆ ಗಾಯಕನ ಕಥೆ ಕೇಳಿ. ಅವನು ಬಾಟಲಿಯ ಕಥೆ ಹೇಳಿ ನಿಲ್ಲಿಸಿದರೆ, ಆಸ್ಟಿನ್ ನಗರದಲ್ಲಿ ಗಿಟಾರ್ ಕೆಳಗಿಟ್ಟು ಕ್ಷಮೆ ಕೇಳಿದ ಆ ಸಂಜೆಯ ಕಥೆಯನ್ನು ನೀವು ಹೇಳಿ. ಅಷ್ಟು ಪ್ರೀತಿಸುವವರಿಗೆ ಪೂರ್ತಿ ಕಥೆ ಗೊತ್ತಿರಬೇಕು.